ಸಂಘದ ಪಾಠ: ನಮ್ಮ ಉಸಿರು ಎಲ್ಲಿಂದ ಬಂತು?



ತಿಮ್ಮಾಪುರದ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದು ಠರಾವು ಪುಸ್ತಕಕ್ಕೆ ಸಹಿ ಆದ ಮೇಲೆ ನಾವು ಒಂದು ಪ್ರಶ್ನೆ ಕೇಳಿದೆವು: "ಈ ಭೂಮಿ ಹುಟ್ಟಿದಾಗಿನಿಂದ ಇಲ್ಲಿಯವರೆಗೆ ನಡೆದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಘಟನೆ ಯಾವುದು?"

"ಹೊಳಿ ಬಂದಿದ್ದು ಮರ್ತೀರೇನ್ರಿ ಸಿಸ್ಟರ್?" ಎಂದಳು ಒಬ್ಬಾಕಿ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ, ಕೃಷ್ಣೆ ಎರಡೂ ಉಕ್ಕಿ ಹರಿದದ್ದು ಆಕೆಯ ಮನಸ್ಸಿನಲ್ಲಿತ್ತು. ಇನ್ನೊಬ್ಬಾಕಿ "ಡ್ಯಾಮ ಕಟ್ಟಿದ್ದರೀ, ಹಳೇ ಬಾಗಲಕೋಟಿ ಮುಳುಗಿ ಹೋತಲ್ರಿ" ಎಂದಳು. "ಕೊರೋನಾ" ಎಂದು ಎರಡು ಮೂರು ದನಿ ಒಟ್ಟಿಗೆ ಬಂದವು. ಮೂಲೆಯಲ್ಲಿ ಕುಳಿತ ಹಿರಿಯಾಕಿ ಮಾತ್ರ, "ನಮ್ಮ ಮಗಳ ಹೆರಿಗಿ ಆತಲ್ರಿ, ತಾಯಿ ಕೂಸು ಎರಡೂ ಉಳದ್ವು, ನನಗ ಅದಽ ದೊಡ್ಡದ್ರಿ" ಎಂದಳು. ಎಲ್ಲರೂ ನಕ್ಕರು. ಆದರೆ ಆ ಮಾತು ಈ ಪಾಠದ ಕೊನೆಯಲ್ಲಿ ನಮಗೆ ಬೇಕಾಗುತ್ತದೆ, ನೆನಪಿರಲಿ.

ಕೊರೋನಾ ಎಂದವರನ್ನು ನಾವು ಬಿಡಲಿಲ್ಲ. 2021ರ ಮೇ ತಿಂಗಳಲ್ಲಿ ಜನ ಯಾತಕ್ಕಾಗಿ ಓಡಾಡಿದರು? "ಆಕ್ಸಿಜನ್ ಸಿಲಿಂಡರಿಗ್ರಿ" ಎಂದರು. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರುಗಳಲ್ಲಿ ಆಕ್ಸಿಜನ್ ಹೋದದ್ದನ್ನು ಟಿವಿಯಲ್ಲಿ ನೋಡಿದವರಿದ್ದರು. ಸಿಲಿಂಡರಿನಲ್ಲಿ ಇದ್ದದ್ದು ಬೇರೆ ಏನೂ ಅಲ್ಲ, ನಮ್ಮ ಸುತ್ತಲಿನ ಗಾಳಿಯಿಂದಲೇ ಬೇರ್ಪಡಿಸಿದ ಆಮ್ಲಜನಕ. ನೂರು ಕೊಡ ಗಾಳಿಯಲ್ಲಿ ಸುಮಾರು 78 ಕೊಡ ಸಾರಜನಕ, 21 ಕೊಡ ಆಮ್ಲಜನಕ. ಈ 21 ಕೊಡ ಮೊದಲಿನಿಂದ ಇತ್ತೇ? ಇರಲಿಲ್ಲ. ಅದು ಬಂದದ್ದೇ ಭೂಮಿಯ ಅತಿ ದೊಡ್ಡ ಘಟನೆ ಎಂದು ಅನೇಕ ವಿಜ್ಞಾನಿಗಳು ಹೇಳುತ್ತಾರೆ. ಚಂದ್ರ ಹುಟ್ಟಿದ್ದು ದೊಡ್ಡದು ಎನ್ನುವವರಿದ್ದಾರೆ, ಜೀವ ಹುಟ್ಟಿದ್ದೇ ದೊಡ್ಡದು ಎನ್ನುವವರೂ ಇದ್ದಾರೆ. ನಮಗಂತೂ ಈ ಆಮ್ಲಜನಕದ ಕಥೆಯೇ ಹೆಚ್ಚು ಹತ್ತಿರದ್ದು ಅನಿಸುತ್ತದೆ. ಯಾಕೆಂದು ಮುಂದೆ ತಿಳಿಯುತ್ತದೆ.

ಒಂಬತ್ತು ಗಜದ ಸೀರೆ

ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಈ ಲೆಕ್ಕ ನಮ್ಮ ತಲೆಯಲ್ಲಿ ಕೂಡುವುದಿಲ್ಲ. ಆದ್ದರಿಂದ ಒಂದು ಒಂಬತ್ತು ಗಜದ ಇಳಕಲ್ ಸೀರೆಯನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿರಿ. ಒಂದು ಗಜ ಎಂದರೆ ಸುಮಾರು 50 ಕೋಟಿ ವರ್ಷ. ಒಳತುದಿಯಲ್ಲಿ ಭೂಮಿ ಹುಟ್ಟಿತು. ಸೆರಗಿನ ತುದಿಯೇ ಇವತ್ತಿನ ದಿನ.

ಎರಡು ಗಜ ಕಳೆಯುವುದರೊಳಗೆ ಜೀವ ಬಂದಿದೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದು. ನಾಲ್ಕು ಗಜ ದಾಟಿ ಸೀರೆಯ ನಡುಭಾಗಕ್ಕೆ ಬರುವ ಹೊತ್ತಿಗೆ, ಎಂದರೆ ಸುಮಾರು 240 ಕೋಟಿ ವರ್ಷಗಳ ಹಿಂದೆ, ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗಿತು. ಪ್ರಾಣಿಗಳ ಮೆರವಣಿಗೆಯೆಲ್ಲ ಹೆಚ್ಚುಕಡಿಮೆ ಕೊನೆಯ ಒಂದು ಗಜದಲ್ಲಿ, ಬರೀ ಸೆರಗಿನಲ್ಲಿ. ಜಮಖಂಡಿ ಕಡೆಯ ಕರಿಕಲ್ಲು, ಎರೆಮಣ್ಣಿಗೆ ಕಾರಣವಾದ ಲಾವಾರಸ ಹರಿದದ್ದು 6.6 ಕೋಟಿ ವರ್ಷಗಳ ಸುಮಾರಿಗೆ. ಅದು ತುದಿಯಿಂದ ಐದು ಇಂಚಿನೊಳಗೆ. ಮನುಷ್ಯರು ಬಂದದ್ದು? ರಬಕವಿ-ಬನಹಟ್ಟಿಯ ನೇಕಾರ ಅಕ್ಕಂದಿರಿಗೆ ಇದು ಕೂಡಲೇ ತಿಳಿಯುತ್ತದೆ: ಕೊನೆಯ ಒಂದು ಎಳೆ ದಾರದ ದಪ್ಪ, ಅಷ್ಟೆ.

ಕೆಲಸ ಮಾಡಿದವರು ಯಾರು?

ಸೀರೆಯ ಮೊದಲ ನಾಲ್ಕು ಗಜದ ಕಾಲದಲ್ಲಿ ನಾವು ಯಾರಾದರೂ ಹೋಗಿ ನಿಂತಿದ್ದರೆ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಸಾಯುತ್ತಿದ್ದೆವು. ನೀರಿತ್ತು, ಬಿಸಿಲಿತ್ತು, ಗಾಳಿಯೂ ಇತ್ತು, ಆ ಗಾಳಿಯಲ್ಲಿ ಆಮ್ಲಜನಕ ಮಾತ್ರ ಇರಲಿಲ್ಲ.

ಆಗ ಸಮುದ್ರದಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿ ಹೊಸ ಕಸಬು ಕಲಿಯಿತು. ನಾವು ಅದನ್ನು ನೀಲಿ-ಹಸಿರು ಪಾಚಿ ಎನ್ನುತ್ತೇವೆ; ನಿಜವಾಗಿ ಅದು ಪಾಚಿಯಲ್ಲ, ಬ್ಯಾಕ್ಟೀರಿಯಾ. ಬಿಸಿಲಿನ ಬಲದಿಂದ ನೀರನ್ನು ಒಡೆದು, ಗಾಳಿಯ ಇಂಗಾಲವನ್ನು ಸೇರಿಸಿ, ತನಗೆ ಬೇಕಾದ ಸಕ್ಕರೆಯನ್ನು ತಾನೇ ಮಾಡಿಕೊಳ್ಳುವುದು ಆ ಕಸಬು. ನೀರು ಒಡೆದಾಗ ಉಳಿಯುವ ಆಮ್ಲಜನಕ ಅದಕ್ಕೆ ಬೇಡದ ಕಸ. ಗಾಣದಲ್ಲಿ ರಸ ತೆಗೆದು ಸಿಪ್ಪೆ ಆಚೆಗೆ ಬಿಸಾಡಿದ ಹಾಗೆ, ಅದು ಆಮ್ಲಜನಕವನ್ನು ಹೊರಗೆ ಬಿಸಾಡಿತು. ಇವತ್ತು ನಮ್ಮ ಜೀವ ಹಿಡಿದಿರುವುದು ಆ ಕಸದ ಮೇಲೆ!

ಇದನ್ನು ಸಭೆಯಲ್ಲೇ ನೋಡಬಹುದು. ಬಾವಿ ಅಥವಾ ಕಾಲುವೆಯ ನೀರೊಳಗೆ ಬೆಳೆಯುವ ಹಸಿರು ಬಳ್ಳಿಯನ್ನು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಮುಳುಗಿಸಿ ಬಿಸಿಲಿಗಿಡಿ. ಸ್ವಲ್ಪ ಹೊತ್ತಿನಲ್ಲಿ ಎಲೆಯಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ನೆರಳಿಗೆ ಇಟ್ಟರೆ ಗುಳ್ಳೆ ಕಡಿಮೆಯಾಗುತ್ತವೆ.

ಸಮುದ್ರಕ್ಕೆ ತುಕ್ಕು ಹಿಡಿಯಿತು

ಆಮ್ಲಜನಕ ಹುಟ್ಟಿದ ಕೂಡಲೇ ಗಾಳಿಗೆ ಬಂದು ಸೇರಲಿಲ್ಲ. ಆ ಕಾಲದ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಕಬ್ಬಿಣಕ್ಕೂ ಆಮ್ಲಜನಕಕ್ಕೂ ಎಂಥ ನಂಟು ಎಂಬುದು ನಿಮಗೆ ಗೊತ್ತೇ ಇದೆ: ಕುಡುಗೋಲನ್ನು ಹಸಿಯಾಗಿ ಅಂಗಳದಲ್ಲಿ ಬಿಟ್ಟರೆ ಬೆಳಗಾಗುವುದರಲ್ಲಿ ಕೆಂಪು ತುಕ್ಕು. ಹಾಗೆಯೇ ನೀರಿನ ಕಬ್ಬಿಣ ತುಕ್ಕಾಗಿ ತಳಕ್ಕೆ ಕುಳಿತಿತು, ಪದರ ಪದರವಾಗಿ, ಕೋಟಿ ಕೋಟಿ ವರ್ಷ. (ಇದರಲ್ಲಿ ಬೇರೆ ಸೂಕ್ಷ್ಮಜೀವಿಗಳ ಕೈಯೂ ಇದ್ದೀತು ಎಂದು ವಿಜ್ಞಾನಿಗಳು ಹೇಳುತ್ತಾರೆ.) ಸಂಡೂರು, ಬಾಬಾಬುಡನ್, ಕುದುರೆಮುಖದ ಕಬ್ಬಿಣದ ಅದಿರು ಇಂಥ ಸಮುದ್ರತಳದ ಪದರುಗಳಿಂದ ಬಂದದ್ದು. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ನಿಮ್ಮ ಹಂಚು, ಕುರುಪಿ, ಕುಡುಗೋಲಿನ ಕಬ್ಬಿಣ ಹೆಚ್ಚಾಗಿ ಇಂಥ ಹಳೆಯ ಸಮುದ್ರದ ತಳದಿಂದ ಬಂದಿದೆ.

ನೀರಿನ ಕಬ್ಬಿಣ ಕಡಿಮೆಯಾಗುತ್ತ ಬಂದ ಮೇಲೆ ಆಮ್ಲಜನಕ ಗಾಳಿಯಲ್ಲಿ ಉಳಿಯತೊಡಗಿತು. ಉಳಿಯುವುದು ಎಂಬ ಮಾತನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ಸಂಘದ ಲೆಕ್ಕದ ಹಾಗೆ ನೋಡಿ. ಹಸಿರು ಜೀವಿಗಳು ಆಮ್ಲಜನಕ ಮಾಡುವುದು ಜಮಾ. ಅವು ಸತ್ತು ಕೊಳೆಯುವಾಗ ಅಷ್ಟೇ ಆಮ್ಲಜನಕ ಹಿಂದಕ್ಕೆ ಹೋಗುತ್ತದೆ, ಅದು ಖರ್ಚು. ಜಮಾ ಖರ್ಚು ಸರಿಸಮ ಆದರೆ ಏನೂ ಉಳಿಯುವುದಿಲ್ಲ. ಆದರೆ ಸತ್ತದ್ದರಲ್ಲಿ ಎಲ್ಲೋ ಸ್ವಲ್ಪ ಕೊಳೆಯದೆ ಕೆಸರಿನಲ್ಲಿ ಹೂತು ಹೋಗುತ್ತದೆ. ಅಷ್ಟರ ಮಟ್ಟಿಗೆ ಆಮ್ಲಜನಕ ಉಳಿತಾಯ ಆಗುತ್ತದೆ. ವರ್ಷಕ್ಕೆ ಬಿಡಿಗಾಸು, ಆದರೆ ಕೋಟಿಗಟ್ಟಲೆ ವರ್ಷ.

ಇಲ್ಲಿ ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು. ಪರಿಸರ ದಿನದ ಶಿಬಿರಗಳಲ್ಲಿ ನಾವು ಬಹಳ ವರ್ಷ "ಮರ ಕಡಿದರೆ ನಾಳೆ ಉಸಿರಾಡಲು ಗಾಳಿ ಇರುವುದಿಲ್ಲ" ಎಂದು ಹೇಳಿಕೊಂಡು ಬಂದೆವು. ಅದು ಸರಿಯಲ್ಲ. ಗಾಳಿಯ ಆಮ್ಲಜನಕ ಹಳೆಯ ಠೇವಣಿ, ಒಂದು ಕಾಡು ಕಡಿದರೆ ಮುಗಿಯುವಂಥದ್ದಲ್ಲ. ಮರ ಬೇಕಾದದ್ದು ನೆರಳಿಗೆ, ಮಣ್ಣಿಗೆ, ಮಳೆಗೆ, ಹೆಚ್ಚಾದ ಇಂಗಾಲವನ್ನು ಹೀರಿ ಹಿಡಿದಿಡುವುದಕ್ಕೆ. ಕಾರಣ ಸರಿಯಾಗಿ ಹೇಳಿದರೂ ಮರ ನೆಡುವವರು ನೆಡುತ್ತಾರೆ.

ಒಬ್ಬರಿಗೆ ಉಸಿರು, ಇನ್ನೊಬ್ಬರಿಗೆ ವಿಷ

ಆಮ್ಲಜನಕ ಬಂದದ್ದು ಆಗಿನ ಜೀವಿಗಳಿಗೆ ಶುಭಸುದ್ದಿ ಆಗಿರಲಿಲ್ಲ. ಅದಿಲ್ಲದೆ ಬದುಕಿದ್ದ ಸೂಕ್ಷ್ಮಜೀವಿಗಳಿಗೆ ಅದು ವಿಷ. ಎಷ್ಟೋ ಸತ್ತಿರಬೇಕು. ಉಳಿದವು ಗಾಳಿ ತಾಗದ ಕಡೆ ಅಡಗಿದವು: ಕೆರೆಯ ಕೆಸರಿನಲ್ಲಿ, ಆಕಳ ಹೊಟ್ಟೆಯಲ್ಲಿ. ನಮ್ಮ ಸಂಘದವರ ಮನೆಯ ಗೋಬರ್ ಗ್ಯಾಸ್ ಗುಂಡಿಯಲ್ಲಿ ಗ್ಯಾಸ್ ಮಾಡಿಕೊಡುವವರು ಇವರ ಕುಲದವರೇ. ಗುಂಡಿಗೆ ಗಾಳಿ ಹೋಗದಂತೆ ಮುಚ್ಚಿರಬೇಕು ಎಂದು ಮೇಸ್ತ್ರಿ ಹೇಳುವುದು ಇದಕ್ಕೇ. ಗಾಳಿ ಹೊಕ್ಕರೆ ಅವುಗಳ ಕೆಲಸ ನಿಲ್ಲುತ್ತದೆ, ಒಲೆ ಹತ್ತುವುದಿಲ್ಲ.

ಇನ್ನೊಂದು ಪೆಟ್ಟೂ ಬಿತ್ತು. ಗೋಬರ್ ಗ್ಯಾಸಿನಲ್ಲಿರುವ ಮೀಥೇನ್ ಆ ಕಾಲದ ಗಾಳಿಯಲ್ಲಿ ಹೆಚ್ಚಾಗಿದ್ದು ಭೂಮಿಗೆ ಕಂಬಳಿಯಂತೆ ಬಿಸಿ ಕೊಡುತ್ತಿತ್ತು. ಆಮ್ಲಜನಕ ಅದನ್ನು ತಿಂದು ಹಾಕಿದ್ದರಿಂದ ಭೂಮಿ ತಣ್ಣಗಾಗಿ ಬಹು ಕಾಲ ಹಿಮ ಕವಿಯಿತು ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ.

ಆದರೆ ಹೊಸ ಗಾಳಿಯನ್ನು ಬಳಸಲು ಕಲಿತವರಿಗೆ ದೊಡ್ಡ ಲಾಭ ಸಿಕ್ಕಿತು. ಒಂದೇ ಚಿಟಿಕೆ ಸಕ್ಕರೆಯಿಂದ, ಆಮ್ಲಜನಕ ಇಲ್ಲದೆ ಹುದುಗುವ ದೋಸೆ ಹಿಟ್ಟಿನ ಜೀವಿ ಪಡೆಯುವ ಶಕ್ತಿಗಿಂತ, ಉಸಿರಾಡುವ ಜೀವಿ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ ಪಡೆಯುತ್ತದೆ. ಓಡುವ ಕಾಲು, ಯೋಚಿಸುವ ಮಿದುಳು, ಕೂಸನ್ನು ಒಂಬತ್ತು ತಿಂಗಳು ಹೊರುವ ಹೊಟ್ಟೆ ಇವೆಲ್ಲ ಇಷ್ಟು ಶಕ್ತಿ ಇಲ್ಲದೆ ಆಗುವ ಕೆಲಸವಲ್ಲ. ಮೇಲೆ ಆಕಾಶದಲ್ಲಿ ಇದೇ ಆಮ್ಲಜನಕ ಓಝೋನ್ ಪದರವಾಗಿ ಬಿಸಿಲಿನ ಸುಡುವ ಕಿರಣಗಳನ್ನು ತಡೆಯಿತು.

ನಮ್ಮ ಸೀಮೆಯ ಸಾಕ್ಷಿ ಕಲ್ಲು

ಇದೆಲ್ಲ ಎಲ್ಲೋ ದೂರದ ಕಥೆ ಎನ್ನಬೇಡಿ. ಕಲಾದಗಿ ಎಂದರೆ ನಮಗೆ ದಾಳಿಂಬೆ, ಚಿಕ್ಕು ನೆನಪಾಗುತ್ತದೆ. ಆದರೆ ಭೂವಿಜ್ಞಾನ ಓದಿದವರಿಗೆ ಕಲಾದಗಿ ಎಂದರೆ ಕಲ್ಲು. ಬಾಗಲಕೋಟೆ, ಲೋಕಾಪುರ, ಬಾದಾಮಿ ಸುತ್ತಲಿನ ಹಳೆಯ ಪದರುಗಲ್ಲುಗಳಿಗೆಲ್ಲ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ಇದರ ಬಗ್ಗೆ ಪುಸ್ತಕ ಪ್ರಕಟಿಸಿದ. ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಕಲ್ಲು ಇದರ ಮೇಲಿನ ಪದರು. ಕೆಳಗಿನ ಪದರುಗಳಲ್ಲಿ ಸಿಮೆಂಟ್ ಕಾರ್ಖಾನೆಗೂ ಸುಣ್ಣದ ಭಟ್ಟಿಗೂ ಹೋಗುವ ಸುಣ್ಣಕಲ್ಲು, ಅದರ ಜಾತಿಯ ಡೋಲೊಮೈಟ್ ಕಲ್ಲು ಇವೆ. ಈ ಕೆಳಗಿನ ಕಲ್ಲುಗಳಿಗೆ 100 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಗ ಇಲ್ಲಿ ಕಬ್ಬೂ ಇಲ್ಲ, ಹೊಳೆಯೂ ಇಲ್ಲ, ಆಳವಿಲ್ಲದ ಸಮುದ್ರ ಇತ್ತು.

ಆ ಸಮುದ್ರದ ಅಂಚಿನಲ್ಲಿ ನೀಲಿ-ಹಸಿರು ಪಾಚಿ ಚಾಪೆಯಂತೆ ಹಾಸಿಕೊಂಡಿತ್ತು. ಅದರ ಅಂಟಿಗೆ ಸುಣ್ಣದ ಕೆಸರು ಹತ್ತುವುದು, ಪಾಚಿ ಬಿಸಿಲು ಹುಡುಕಿ ಕೆಸರಿನ ಮೇಲೆ ಬರುವುದು, ಮತ್ತೆ ಕೆಸರು ಹತ್ತುವುದು. ಹೀಗೆ ಬೆಳೆದ ಗುಡ್ಡೆಗಳು ಕಲ್ಲಾಗಿ ಉಳಿದಿವೆ. ಇವನ್ನು ಸ್ಟ್ರೊಮಾಟೊಲೈಟ್ ಎನ್ನುತ್ತಾರೆ. ಕಲ್ಲು ಸೀಳಿದಾಗ, ಅಡ್ಡ ಹೆಚ್ಚಿದ ಉಳ್ಳಾಗಡ್ಡಿಯಲ್ಲಿ ಕಾಣುವ ಸುತ್ತುಗಳಂತೆ, ಅಥವಾ ಬೋರಲು ಹಾಕಿದ ಬಟ್ಟಲುಗಳನ್ನು ಒಂದರ ಮೇಲೊಂದು ಇಟ್ಟಂತೆ ಗೆರೆಗಳು ಕಾಣುತ್ತವೆ. ಕಲಾದಗಿ ಪದರುಗಳ ಡೋಲೊಮೈಟಿನಲ್ಲಿ ಇವು ಸಿಕ್ಕಿವೆ. ಇದಕ್ಕಿಂತ ಬಹಳ ಹಳೆಯವು ಸಂಡೂರು ಸೀಮೆಯಲ್ಲಿಯೂ ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿಯೂ ಇವೆ. ಜೀವಂತವಾಗಿ ಬೆಳೆಯುತ್ತಿರುವವನ್ನು ನೋಡಬೇಕಾದರೆ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಂಥ ಕಡೆಗೆ ಹೋಗಬೇಕು, ಅದು ನಮ್ಮ ಪ್ರವಾಸದ ಬಜೆಟ್ಟಿನಲ್ಲಿ ಇಲ್ಲ. ಕಲ್ಲಿನ ಕೆಲಸಕ್ಕೆ ಹೋಗುವ ಅಕ್ಕಂದಿರು ಇಂಥ ಗೆರೆ ಕಂಡರೆ ಒಡೆಯುವ ಮುನ್ನ ಊರಿನ ಹೈಸ್ಕೂಲ್ ವಿಜ್ಞಾನ ಮಾಸ್ತರರಿಗೆ ತೋರಿಸಿರಿ.

ಆ ಜೀವಿ ಇನ್ನೂ ನಮ್ಮ ಜೊತೆ ಇದೆ. ಬಹಳ ಹಿಂದೆ ಒಂದು ದೊಡ್ಡ ಜೀವಕೋಶ ಅದನ್ನು ನುಂಗಿ, ಅರಗಿಸಿಕೊಳ್ಳದೆ ಒಳಗೇ ಇಟ್ಟುಕೊಂಡಿತು. ಎಲ್ಲ ಗಿಡಮರಗಳ ಎಲೆಯ ಹಸಿರು ಅದರ ಸಂತತಿ. ಎಂದಮೇಲೆ ನಮ್ಮ ಕಬ್ಬಿನ ಸಕ್ಕರೆಯನ್ನು ಮಾಡುವವರೂ ಅವರೇ, ಕಾರ್ಖಾನೆ ಬರೀ ಹಿಂಡಿ ತೆಗೆಯುತ್ತದೆ. ದನಕ್ಕೆ ಹಾಕಲು ನೀವು ತೊಟ್ಟಿಯಲ್ಲಿ ಬೆಳೆಸುವ ಅಜೋಲಾದ ಎಲೆಯೊಳಗೂ ನೀಲಿ-ಹಸಿರು ಪಾಚಿ ವಾಸವಾಗಿದ್ದು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಒಂದು ಎಚ್ಚರಿಕೆ: ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿದರೆ ದನಗಳಿಗೆ ಕುಡಿಸಬೇಡಿ, ನೀವೂ ಬಳಸಬೇಡಿ. ಈ ಕುಲದ ಕೆಲವು ವಿಷ ಬಿಡುತ್ತವೆ, ಕಾಯಿಸಿದರೂ ಆ ವಿಷ ಹೋಗುವುದಿಲ್ಲ.

ಅನ್ನಭೇದಿ ಯಾರಿಗೆ?

ಈಗ ಮುಖ್ಯ ಮಾತಿಗೆ ಬರೋಣ. ನಾವು ಎಳೆದುಕೊಂಡ ಉಸಿರಿನ ಆಮ್ಲಜನಕವನ್ನು ಮೈಯಲ್ಲೆಲ್ಲ ಹೊತ್ತು ತಿರುಗುವುದು ರಕ್ತದ ಹಿಮೋಗ್ಲೋಬಿನ್. ಅದರ ಒಂದೊಂದು ಕಣದಲ್ಲಿ ಕಬ್ಬಿಣದ ನಾಲ್ಕು ಪರಮಾಣುಗಳಿರುತ್ತವೆ, ನಾಲ್ಕೂ ಆಮ್ಲಜನಕವನ್ನು ಹಿಡಿದುಕೊಳ್ಳುತ್ತವೆ. ಸಮುದ್ರದಲ್ಲಿ ನಡೆದ ಅದೇ ಕಬ್ಬಿಣ-ಆಮ್ಲಜನಕದ ನಂಟು, ಆದರೆ ಇಲ್ಲಿ ತುಕ್ಕು ಆಗದ ಹಾಗೆ, ಹಿಡಿದು ಬಿಡುವ ಹಾಗೆ. ಕಬ್ಬಿಣ ಕಡಿಮೆಯಾದರೆ ಸುತ್ತ ಎಷ್ಟು ಗಾಳಿ ಇದ್ದರೂ ಮೈಗೆ ಮುಟ್ಟುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಇಪ್ಪತ್ತು ಜನರ ಸಂಘದಲ್ಲಿ ಒಂಬತ್ತು ಹತ್ತು ಮಂದಿ ಎಂದಾಯಿತು. ಅಷ್ಟೊಂದು ಕಬ್ಬಿಣ ಮಣ್ಣಲ್ಲಿ ಇದ್ದೂ ನಮಗೇಕೆ ಸಿಗುವುದಿಲ್ಲ? ಇದೂ ಆ ಹಳೆಯ ಘಟನೆಯ ಫಲವೇ. ಆಮ್ಲಜನಕ ಬಂದ ಮೇಲೆ ಕಬ್ಬಿಣ ನೀರಲ್ಲಿ ಕರಗದ ತುಕ್ಕಿನ ರೂಪಕ್ಕೆ ಹೋಯಿತು. ಗಿಡದ ಬೇರಿಗೂ ನಮ್ಮ ಕರುಳಿಗೂ ಅದನ್ನು ಹೀರುವುದು ಕಷ್ಟ.

ನಮ್ಮ ಎರೆಹೊಲದಲ್ಲಿ ಕಬ್ಬಿನ ಎಳೆಯ ಎಲೆ ಬಿಳಿಚಿಕೊಂಡರೆ ಯಜಮಾನರು ಏನು ಮಾಡುತ್ತಾರೆ? ಕೃಷಿ ಅಂಗಡಿಗೆ ಓಡಿ ಫೆರಸ್ ಸಲ್ಫೇಟ್ ತಂದು ಹೊಡೆಯುತ್ತಾರೆ. ಹಳಬರು ಅದನ್ನು ಅನ್ನಭೇದಿ ಎನ್ನುತ್ತಿದ್ದರು. ಕರಗುವ ಕಬ್ಬಿಣ ಅದು. ಆಶಾ ಕಾರ್ಯಕರ್ತೆ ಪುಕ್ಕಟೆ ಕೊಡುವ ಕಬ್ಬಿಣದ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದೂ ಅದೇ ಲವಣ, ಶುದ್ಧ ಮಾಡಿ, ಅಳತೆ ಮಾಡಿದ್ದು. (ಹೊಲದ ಪುಡಿಯನ್ನು ಎಂದೂ ಬಾಯಿಗೆ ಹಾಕಬಾರದು. ಗುಳಿಗೆಯನ್ನೂ ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಹೆಚ್ಚು ನುಂಗಿದರೆ ಜೀವಕ್ಕೆ ಅಪಾಯ.) ಕಬ್ಬು ಬಿಳಿಚಿದರೆ ಎರಡು ದಿನದಲ್ಲಿ ಔಷಧ ಬರುತ್ತದೆ. ಹೆಂಡತಿಯ ಕಣ್ಣಿನ ರೆಪ್ಪೆ ಒಳಗೆ ಬಿಳಿಚಿದ್ದನ್ನು ಎಷ್ಟು ವರ್ಷಕ್ಕೆ ನೋಡುತ್ತಾರೆ? ಅವರನ್ನಷ್ಟೇ ದೂರುವುದು ಬೇಡ. ನಾವೂ ಒಂದು ಸಂಘದಲ್ಲಿ ವರ್ಷಗಟ್ಟಲೆ ಸಾಲ ಮರುಪಾವತಿ ನೂರಕ್ಕೆ ನೂರು ಎಂದು ಹೆಮ್ಮೆಯಿಂದ ವರದಿ ಬರೆದೆವು. ಅಲ್ಲಿಯ ಒಬ್ಬ ಸದಸ್ಯೆ ಕಬ್ಬಿನ ಹೊಲದಲ್ಲಿ ತಲೆ ತಿರುಗಿ ಬಿದ್ದಾಗ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6 ಇತ್ತು. ಆಗ ಆಕೆ ಆರು ತಿಂಗಳ ಬಸುರಿ. ಪ್ರತಿ ವಾರ ಆಕೆಯ ಉಳಿತಾಯದ ಪುಸ್ತಕ ನೋಡುತ್ತಿದ್ದ ನಾವು ಆಕೆಯ ಮುಖ ನೋಡಿರಲಿಲ್ಲ. ಸಂಘದವರೇ ರಕ್ತ ಕೊಡುವವರನ್ನು ಹುಡುಕಿದರು, ತಾಯಿ ಕೂಸು ಉಳಿದರು. ಆಕೆಯ ತಾಯಿಯೇ ಅಂದು ಮೂಲೆಯಲ್ಲಿ ಕುಳಿತು "ನನಗ ಅದಽ ದೊಡ್ಡದ್ರಿ" ಎಂದವರು.

ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು, ಬಸುರಿಗೆ 11ಕ್ಕೆ ಕಡಿಮೆ ಆಗಬಾರದು. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ, ಸದಾ ದಣಿವು, ಮಣ್ಣು ಬಳಪ ತಿನ್ನುವ ಆಸೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೋರಿಸಿರಿ. ಗುಳಿಗೆ ನುಂಗಿದರೆ ಮಲ ಕರಿಯಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟದ ನಂತರ ತೆಗೆದುಕೊಳ್ಳಿ, ಬಿಡಬೇಡಿ. ಚಹಾದ ಜೊತೆ ಮಾತ್ರ ಬೇಡವೇ ಬೇಡ. ಚಹಾ ಕಬ್ಬಿಣವನ್ನು ಕಟ್ಟಿ ಹಾಕುತ್ತದೆ, ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇರಲಿ. ಲಿಂಬೆ, ನೆಲ್ಲಿ, ಪೇರಲ ಇದಕ್ಕೆ ತದ್ವಿರುದ್ಧ: ಅವುಗಳ ಹುಳಿ, ಅವುಗಳಲ್ಲಿರುವ ಸಿ ಜೀವಸತ್ವ, ತುಕ್ಕಿನ ರೂಪದ ಕಬ್ಬಿಣವನ್ನು ಮತ್ತೆ ಕರಗುವ ರೂಪಕ್ಕೆ ತರುತ್ತದೆ. ಸಜ್ಜಿ ರೊಟ್ಟಿ, ಕಾಳಿನ ಪಲ್ಲೆ, ರಾಜಗಿರಿ ಅಥವಾ ನುಗ್ಗೆ ಸೊಪ್ಪಿನ ಮೇಲೆ ಅರ್ಧ ಲಿಂಬೆ ಹಿಂಡಿದರೆ, 240 ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿ ಆದದ್ದನ್ನು ನಿಮ್ಮ ತಾಟಿನಲ್ಲಿ ಒಂದು ಚೂರು ಹಿಂದಕ್ಕೆ ತಿರುಗಿಸಿದ ಹಾಗೆ. ಮಾಂಸ ತಿನ್ನುವವರಿಗೆ ಅದರ ಕಬ್ಬಿಣ ಇನ್ನೂ ಸುಲಭವಾಗಿ ಮೈಗೆ ಹತ್ತುತ್ತದೆ. ಮನೆಯಲ್ಲಿ ಮಾಡಿದ ಮೇಲೆ ಕೊನೆಗೆ ಉಂಡು, ಉಳಿದಷ್ಟನ್ನೇ ಉಣ್ಣುವ ನಮ್ಮ ರೂಢಿಗೆ ಯಾವ ಗುಳಿಗೆಯಲ್ಲೂ ಮದ್ದಿಲ್ಲ, ಅದನ್ನು ಮನೆಯಲ್ಲೇ ಮಾತಾಡಬೇಕು.

ಮುಂದಿನ ಸಭೆಗೆ

ಪ್ರತಿನಿಧಿಗಳು ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆದು ಎಲ್ಲ ಸದಸ್ಯೆಯರ ಹಿಮೋಗ್ಲೋಬಿನ್ ನೋಡಿಸಿ, ಒಪ್ಪಿದವರ ಸಂಖ್ಯೆಯನ್ನು ಠರಾವು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಬೇಡ ಎಂದವರನ್ನು ಒತ್ತಾಯ ಮಾಡಬೇಡಿ. ಮೂರು ತಿಂಗಳ ನಂತರ ಮತ್ತೆ ನೋಡಿ. ಬಾಟಲಿಯ ಗುಳ್ಳೆಯನ್ನು ಮಕ್ಕಳಿಗೂ ತೋರಿಸಿರಿ. ಯಾರ ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಯಾರು ಕೊನೆಗೆ, ಒಬ್ಬೊಬ್ಬರಾಗಿ ಹೇಳಿರಿ. ಸೀರೆ ಹಾಸಲು ಒಂಬತ್ತು ಗಜದ್ದು ಬೇಕು. ತಿಮ್ಮಾಪುರದ ಆ ಹಿರಿಯಾಕಿ ತಮ್ಮದನ್ನು ಕೊಡುತ್ತೇನೆ ಎಂದಿದ್ದಾರೆ, ಅಂಗಳ ಮೊದಲು ಗುಡಿಸಿರಬೇಕಂತೆ.